ಪಂದ್ಯದ ಮುನ್ನಾದಿನ ಬಿಲ್ಲಿನ ಹೆದೆ ಸಡಿಲಿರಲಿ

ಮುಂಗಾರು ನೆಲೆಗೊಂಡು ಹೊಲಗಳಲ್ಲಿ ಹತ್ತಿ, ತೊಗರಿಯ ಸಸಿಗಳು ತಲೆಯೆತ್ತುವ ಹೊತ್ತಿಗೆ ನಮ್ಮ ಶಾಲೆಗಳಲ್ಲಿ ಕ್ರೀಡಾಕೂಟಗಳ ಕಾಲವೂ ಬರುತ್ತದೆ. ತಾಲೂಕು ಮಟ್ಟದಲ್ಲಿ ಗೆದ್ದವರು ಜಿಲ್ಲಾ ಮಟ್ಟಕ್ಕೆ, ಅಲ್ಲಿ ಗೆದ್ದವರು ಕಲಬುರಗಿ ವಿಭಾಗ ಮಟ್ಟಕ್ಕೆ, ಅದನ್ನೂ ದಾಟಿದವರು ರಾಜ್ಯ ಮಟ್ಟಕ್ಕೆ ಎಂಬ ಏಣಿಯ ಮೊದಲ ಮೆಟ್ಟಿಲಲ್ಲಿ ನಿಂತ ರಾಯಚೂರು, ದೇವದುರ್ಗ, ಮಾನ್ವಿ ಭಾಗದ ಬಾಲಕ ಬಾಲಕಿಯರ ಉತ್ಸಾಹವನ್ನು ನೋಡುವುದೇ ಒಂದು ಸೊಗಸು. ಆದರೆ ಈ ಉತ್ಸಾಹದ ನಡುವೆ ಮನಸ್ಸಿಗೆ ಕಸಿವಿಸಿ ತರುವ ಒಂದು ರೂಢಿಯೂ ಬೆಳೆದುಬಂದಿದೆ. ಪಂದ್ಯ ನಾಳೆ ಎನ್ನುವಾಗ ಇಂದು ಇಡೀ ವರ್ಷದ ಅಭ್ಯಾಸವನ್ನು ಒಂದೇ ಸಂಜೆ ತುಂಬಿಬಿಡುವ ಆತುರವೇ ಆ ರೂಢಿ. ಬುಟ್ಟಿಯ ಬಳೆ ಕಣ್ಣಿಗೆ ಕಾಣಿಸದಷ್ಟು ಕತ್ತಲಾಗುವವರೆಗೆ ಮಕ್ಕಳನ್ನು ಅಂಗಣದ ಉದ್ದಗಲಕ್ಕೆ ಓಡಿಸುವುದು, ತಪ್ಪಿದವರಿಗೆ ಹೆಚ್ಚುವರಿ ಸುತ್ತುಗಳ ಶಿಕ್ಷೆ ವಿಧಿಸುವುದು, ಕೊನೆಗಳಿಗೆಯಲ್ಲಿ ಹೊಸ ತಂತ್ರವೊಂದನ್ನು ಕಲಿಸಲು ಹೊರಡುವುದು ಇವೆಲ್ಲವೂ ಶ್ರದ್ಧೆಯ ಹೆಸರಿನಲ್ಲಿಯೇ ನಡೆಯುತ್ತವೆ.

ಶ್ರದ್ಧೆಯನ್ನು ಯಾರೂ ಹಳಿಯಲಾರರು. ಆದರೆ ಶ್ರದ್ಧೆಗೂ ಒಂದು ಸಮಯಜ್ಞಾನ ಬೇಕು. ಇದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾರಹುಣ್ಣಿಮೆಯ ಸಂಜೆ ಕರಿ ಹರಿಯಲು ಓಡಬೇಕಾದ ಎತ್ತಿನ ಹೆಗಲ ಮೇಲೆ ಅಂದು ಯಾರೂ ನೊಗ ಇಡುವುದಿಲ್ಲ. ಅದರ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಒಳ್ಳೆಯ ಮೇವು ತಿನ್ನಿಸಿ, ಪ್ರೀತಿಯಿಂದ ಬೆನ್ನು ಸವರಿ ನಿಲ್ಲಿಸುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವ ಮಾನ್ವಿಯ ರೈತ, ಬೆಳೆಯುವ ದಿನಗಳಲ್ಲಿ ನೀರಿಗಾಗಿ ಎಷ್ಟೇ ಪರದಾಡಿದ್ದರೂ ಕೊಯ್ಲು ಹತ್ತಿರ ಬಂದಾಗ ಗದ್ದೆಯ ನೀರನ್ನು ತಾನೇ ಬಸಿದುಬಿಡುತ್ತಾನೆ. ಕೊಡುವುದಕ್ಕೊಂದು ಕಾಲವಿದ್ದರೆ ನಿಲ್ಲಿಸುವುದಕ್ಕೂ ಒಂದು ಕಾಲವಿದೆ ಎಂಬುದು ಅವನ ಅನುಭವದ ಮಾತು. ಎತ್ತಿಗೂ ಬೆಳೆಗೂ ನಾವು ತೋರುವ ಈ ವಿವೇಕವನ್ನು ನಮ್ಮ ಮಕ್ಕಳ ವಿಷಯದಲ್ಲಿ ಏಕೆ ಮರೆಯುತ್ತೇವೆ ಎಂಬುದೇ ಇಂದಿನ ಪ್ರಶ್ನೆ. ಬ್ಯಾಸ್ಕೆಟ್‌ಬಾಲ್ ಆಟವನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ಕೊಂಚ ಆಳವಾಗಿ ವಿಚಾರ ಮಾಡೋಣ.

ಬುಟ್ಟಿ ಮೇಲಿರುವುದೇಕೆ?

ಬ್ಯಾಸ್ಕೆಟ್‌ಬಾಲ್ ಆಟಕ್ಕೆ ನಿರ್ದಿಷ್ಟವಾದ ಜನ್ಮದಿನವೂ ಜನಕನೂ ಇರುವುದು ಕ್ರೀಡಾಲೋಕದ ಒಂದು ವಿಶೇಷ. ಕೆನಡಾದಲ್ಲಿ ಹುಟ್ಟಿ, ಮಾಂಟ್ರಿಯಲ್‌ನಲ್ಲಿ ದೇವಶಾಸ್ತ್ರ ಓದಿದ ಜೇಮ್ಸ್ ನೈಸ್ಮಿತ್ ಎಂಬ ತರುಣ ಅಧ್ಯಾಪಕ 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಈ ಆಟವನ್ನು ರೂಪಿಸಿದ. ಚಳಿಗಾಲದಲ್ಲಿ ಹೊರಗೆ ಆಡಲಾಗದೆ ಕೊಠಡಿಯೊಳಗೆ ಬೇಸತ್ತಿದ್ದ 18 ಮಂದಿ ವಿದ್ಯಾರ್ಥಿಗಳಿಗೆ ಹೊಸ ಆಟವೊಂದು ಬೇಕಾಗಿತ್ತು. ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ವ್ಯಾಯಾಮಶಾಲೆಯ ಮೊಗಸಾಲೆಗೆ ಹತ್ತು ಅಡಿ ಎತ್ತರದಲ್ಲಿ ಹೊಡೆದು, 13 ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿ, ಒಂಬತ್ತೊಂಬತ್ತು ಮಂದಿಯ ಎರಡು ತಂಡ ಮಾಡಿ ಆಡಿಸಿದ. ಅಂದಿನ ಹತ್ತು ಅಡಿ ಇಂದಿಗೂ ಹಾಗೆಯೇ ಉಳಿದಿದೆ. ನೆಲದಿಂದ ಬಳೆಯ ಎತ್ತರ 3.05 ಮೀಟರ್ ಎಂದು ಇಂದಿನ ನಿಯಮಪುಸ್ತಕಗಳು ಹೇಳುವುದು ಅದನ್ನೇ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಗುರಿಯನ್ನು ನೆಲದ ಮಟ್ಟದಲ್ಲಿ ಇಟ್ಟರೆ ಆಟಗಾರರು ಚೆಂಡನ್ನು ಬಲವಾಗಿ ಎಸೆಯುತ್ತಾರೆ, ಬಲದಿಂದ ಒರಟುತನ ಹುಟ್ಟುತ್ತದೆ, ಒರಟುತನದಿಂದ ಗಾಯಗಳಾಗುತ್ತವೆ ಎಂದು ನೈಸ್ಮಿತ್ ಯೋಚಿಸಿದ. ಆಗ ಅವನಿಗೆ ನೆನಪಾದದ್ದು ತನ್ನ ಬಾಲ್ಯದ ಒಂದು ಕಲ್ಲಿನ ಆಟ. ನಮ್ಮ ಲಗೋರಿಯ ದೂರದ ಬಂಧು ಎನ್ನಬಹುದಾದ ಆ ಆಟದಲ್ಲಿ, ಬಂಡೆಯ ಮೇಲಿಟ್ಟ ಕಲ್ಲನ್ನು ಉರುಳಿಸಲು ಬೀಸಿ ಹೊಡೆಯುವವನಿಗಿಂತ ಕಮಾನಿನಂತೆ ಮೇಲಕ್ಕೆಸೆದು ಮೆಲ್ಲಗೆ ಇಳಿಸುವವನೇ ಹೆಚ್ಚು ಯಶಸ್ವಿಯಾಗುತ್ತಿದ್ದ. ಆದ್ದರಿಂದ ಗುರಿಯನ್ನು ತಲೆಯ ಮೇಲಕ್ಕೆ ಎತ್ತಿ, ಅದರ ಬಾಯಿಯನ್ನು ಆಕಾಶಕ್ಕೆ ತೆರೆದಿಟ್ಟ. ಅಂದರೆ ಈ ಆಟ ತನ್ನ ಹುಟ್ಟಿನಿಂದಲೇ ಬಲಕ್ಕಿಂತ ಹದವನ್ನು, ರಭಸಕ್ಕಿಂತ ಕೌಶಲವನ್ನು ಗೌರವಿಸುವ ಆಟ. ಈ ಮೂಲತತ್ತ್ವವನ್ನು ಅರಿತವನಿಗೆ ಪಂದ್ಯದ ಮುನ್ನಾದಿನ ಮಾಡಬೇಕಾದದ್ದೇನು ಎಂಬುದರ ಅರ್ಧ ಉತ್ತರ ಸಿಕ್ಕಂತೆಯೇ.

ವೈ.ಎಂ.ಸಿ.ಎ. ಮೂಲಕವೇ ಈ ಆಟ ದೇಶದೇಶಗಳಿಗೆ ಹರಡಿತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣ ಕಾಲೇಜು ದಕ್ಷಿಣ ಭಾರತದಲ್ಲಿ ವ್ಯಾಯಾಮ ಶಿಕ್ಷಕರ ಪರಂಪರೆಗೆ ಅಡಿಪಾಯ ಹಾಕಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಪುರುಷರಿಗೆ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಈ ಕ್ರೀಡೆಯ ಬಾಗಿಲು ತೆರೆಯಿತು. ಭಾರತದ ಪುರುಷರ ತಂಡ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಆಡಿತು. 2017ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್ ಬಿ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತದ ವನಿತೆಯರು ಕಜಕಸ್ತಾನವನ್ನು ಮಣಿಸಿ ಮೇಲಿನ ವಿಭಾಗಕ್ಕೆ ಏರಿದರು. ಆ ಗೆಲುವಿನ ಅಂತರ ಎರಡೇ ಅಂಕ. ಎರಡು ಅಂಕವೆಂದರೆ ಒಂದು ಬುಟ್ಟಿ, ಅಥವಾ ಎರಡು ಉಚಿತ ಎಸೆತ. ಇಷ್ಟು ಸಣ್ಣ ಅಂತರದಲ್ಲಿ ಸೋಲುಗೆಲುವು ನಿರ್ಧಾರವಾಗುವ ಆಟದಲ್ಲಿ ಆಟಗಾರರ ಕಾಲುಗಳು ಎಷ್ಟು ತಾಜಾ ಇವೆ, ಮನಸ್ಸು ಎಷ್ಟು ತಿಳಿಯಾಗಿದೆ ಎಂಬುದು ಸಣ್ಣ ಸಂಗತಿಯಲ್ಲ.

ದಣಿದ ಕಾಲು, ಕುಸಿದ ಗುರಿ

ಚೆಂಡನ್ನು ಎಸೆಯುವುದು ಕೈ ಎಂದು ನೋಡುವವರಿಗೆ ತೋರುತ್ತದೆ. ವಾಸ್ತವದಲ್ಲಿ ಎಸೆತ ಆರಂಭವಾಗುವುದು ಪಾದದಲ್ಲಿ. ನೆಲವನ್ನು ಒತ್ತಿದ ಶಕ್ತಿ ಮೊಣಕಾಲು, ಸೊಂಟ, ಭುಜ, ಮೊಣಕೈಗಳ ಮೂಲಕ ಏರಿ ಮಣಿಕಟ್ಟಿಗೆ ಬಂದು, ಬೆರಳ ತುದಿಯಲ್ಲಿ ಹದವಾಗಿ ಬಿಡುಗಡೆಯಾಗುತ್ತದೆ. ಕಾಲು ದಣಿದಿದ್ದರೆ ಈ ಸರಪಳಿಯ ಮೊದಲ ಕೊಂಡಿಯೇ ಸಡಿಲ. ಆಗ ಕೈ ಆ ಕೊರತೆಯನ್ನು ತುಂಬಲು ಹೆಣಗಾಡುತ್ತದೆ. ಚೆಂಡಿನ ಕಮಾನು ಚಪ್ಪಟೆಯಾಗಿ, ಅದು ಬಳೆಯ ಮುಂಭಾಗಕ್ಕೆ ಬಡಿದು ಹಿಂತಿರುಗುತ್ತದೆ. ಪಂದ್ಯದ ಕೊನೆಯ ಹತ್ತು ನಿಮಿಷಗಳಲ್ಲಿ ನಮ್ಮ ಮಕ್ಕಳ ಎಸೆತಗಳು ಒಂದರ ಹಿಂದೊಂದು ಗಿಡ್ಡವಾಗುವುದನ್ನು ಕಂಡಾಗ, ಧೈರ್ಯ ಸಾಲದು ಎಂದು ಬಯ್ಯುವ ಮುನ್ನ ನಿನ್ನೆಯ ಸಂಜೆ ಅವರ ಕಾಲುಗಳನ್ನು ನಾವು ಹೇಗೆ ನಡೆಸಿಕೊಂಡೆವು ಎಂದು ಕೇಳಿಕೊಳ್ಳುವುದು ನ್ಯಾಯ.

ದೇಹಶಾಸ್ತ್ರವೂ ಇದನ್ನೇ ಹೇಳುತ್ತದೆ. ಓಟ, ನೆಗೆತಗಳಿಗೆ ಬೇಕಾದ ಇಂಧನವನ್ನು ಸ್ನಾಯುಗಳು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಂಡಿರುತ್ತವೆ. ಕಠಿಣ ಪರಿಶ್ರಮದಿಂದ ಅದು ಬರಿದಾದರೆ, ಅನ್ನ, ರೊಟ್ಟಿಗಳಂಥ ಪಿಷ್ಟಾಹಾರವನ್ನು ಹೊಟ್ಟೆತುಂಬ ಉಂಡರೂ ಮತ್ತೆ ತುಂಬಲು ಸುಮಾರು ಒಂದು ಹಗಲು, ಒಂದು ರಾತ್ರಿ ಬೇಕು. ಅಭ್ಯಾಸವಿಲ್ಲದ ಭಾರೀ ವ್ಯಾಯಾಮದಿಂದ ಹುಟ್ಟುವ ಸ್ನಾಯುನೋವು ಅದೇ ದಿನ ಕಾಣಿಸಿಕೊಳ್ಳದೆ ಮರುದಿನ, ಮೂರನೆಯ ದಿನ ಹೆಚ್ಚಾಗುತ್ತದೆ. ಮುನ್ನಾದಿನದ ದಂಡನೆ ಪಂದ್ಯದ ದಿನವೇ ಫಲ ಕೊಡುತ್ತದೆ ಎನ್ನುವುದು ನಿಜ. ಆದರೆ ಆ ಫಲ ಕಹಿ. ಇನ್ನೊಂದೆಡೆ, ಅಭ್ಯಾಸದಿಂದ ಬರುವ ಶಕ್ತಿಯಾಗಲಿ ಕೌಶಲವಾಗಲಿ ಒಂದು ರಾತ್ರಿಯಲ್ಲಿ ಮೈಗೂಡುವಂಥದಲ್ಲ. ಅದಕ್ಕೆ ವಾರಗಳು, ತಿಂಗಳುಗಳು ಬೇಕು. ಹೀಗಾಗಿ ಲೆಕ್ಕ ಸರಳವಾಗಿದೆ. ಮುನ್ನಾದಿನ ದುಡಿಸುವುದರಿಂದ ಗಳಿಸುವುದು ಅತ್ಯಲ್ಪ, ಕಳೆದುಕೊಳ್ಳುವುದು ಬಹಳ.

ಹಾಗೆಂದು ಪೂರ್ಣ ವಿಶ್ರಾಂತಿಯೇ ಪರಿಹಾರವಲ್ಲ. ಈಜು, ಓಟ, ಸೈಕಲ್ ಸ್ಪರ್ಧಿಗಳ ಬಗ್ಗೆ ನಡೆದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಸ್ಪರ್ಧೆಗೆ ಮುಂಚಿನ ದಿನಗಳಲ್ಲಿ ಅಭ್ಯಾಸದ ಪ್ರಮಾಣವನ್ನು ಸರಿಸುಮಾರು ಅರ್ಧಕ್ಕೆ ಇಳಿಸಿ, ಅದರ ತೀವ್ರತೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡವರಿಗೆ ಹೆಚ್ಚು ಲಾಭವಾಗಿರುವುದನ್ನು ಗುರುತಿಸಿತು. ಅಂದರೆ ಕಡಿಮೆ ಮಾಡಬೇಕಾದದ್ದು ಹೊತ್ತನ್ನು, ಚುರುಕನ್ನಲ್ಲ. ಹಗುರವಾದ ಅಭ್ಯಾಸವೆಂದರೆ ಜೋಲುಮೋರೆಯ ಅಭ್ಯಾಸವಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಶಾರ್ಮನ್ ತಂದ ಪದ್ಧತಿ

ಈ ಹಗುರ ಅಭ್ಯಾಸಕ್ಕೆ ವೃತ್ತಿಪರ ಕ್ರೀಡೆಯಲ್ಲಿ ಗೌರವದ ಸ್ಥಾನ ದೊರಕಿಸಿದವರು ಅಮೆರಿಕದ ಬಿಲ್ ಶಾರ್ಮನ್. 1950ರ ದಶಕದಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತಂಡದ ಆಟಗಾರರಾಗಿದ್ದ ಅವರು ಉಚಿತ ಎಸೆತದ ನಿಖರತೆಯಲ್ಲಿ ಏಳು ಋತುಗಳಲ್ಲಿ ಇಡೀ ಲೀಗ್‌ಗೆ ಮೊದಲಿಗರಾಗಿದ್ದರು. ಪಂದ್ಯದ ದಿನ ಬೆಳಿಗ್ಗೆ ಮನೆಯಲ್ಲಿ ಕಾತರದಿಂದ ಶತಪಥ ತಿರುಗುವ ಬದಲು ಹತ್ತಿರದ ಶಾಲೆಯ ಅಂಗಣಕ್ಕೆ ಹೋಗಿ ತಮ್ಮಷ್ಟಕ್ಕೆ ತಾವು ಕೆಲಹೊತ್ತು ಚೆಂಡೆಸೆದು ಬರುವುದು ಅವರ ಅಭ್ಯಾಸವಾಗಿತ್ತು. ಅದರಿಂದ ಮೈ ಸಡಿಲವಾಗುತ್ತದೆ, ಮನಸ್ಸು ಶಾಂತವಾಗುತ್ತದೆ ಎಂಬುದನ್ನು ಸ್ವತಃ ಕಂಡುಕೊಂಡ ಅವರು, ಮುಂದೆ ತರಬೇತುದಾರರಾದಾಗ ಅದನ್ನು ತಂಡದ ನಿಯಮವನ್ನಾಗಿಸಿದರು.

1971ರಲ್ಲಿ ಅವರು ಲಾಸ್ ಏಂಜಲಿಸ್ ಲೇಕರ್ಸ್ ತಂಡದ ಹೊಣೆ ಹೊತ್ತರು. ಬೆಳಗಿನ ನಿದ್ದೆಯನ್ನು ಬಲು ಪ್ರೀತಿಸುತ್ತಿದ್ದ ದೈತ್ಯ ಆಟಗಾರ ವಿಲ್ಟ್ ಚೇಂಬರ್ಲಿನ್ ಅವರನ್ನೂ ಈ ಕ್ರಮಕ್ಕೆ ಒಲಿಸಿಕೊಂಡರು. ಆ ಋತುವಿನಲ್ಲಿ ಲೇಕರ್ಸ್ ಸತತ 33 ಪಂದ್ಯಗಳನ್ನು ಗೆದ್ದು, 1972ರಲ್ಲಿ ಪ್ರಶಸ್ತಿಯನ್ನೂ ಪಡೆದರು. ಆ 33ರ ದಾಖಲೆಯನ್ನು ಆ ಲೀಗ್‌ನಲ್ಲಿ ಯಾವ ತಂಡವೂ ಇನ್ನೂ ಮುರಿದಿಲ್ಲ. ಗೆಲುವಿಗೆ ಆಟಗಾರರ ಪ್ರತಿಭೆಯೇ ಮುಖ್ಯ ಕಾರಣವೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ಆ ಬಳಿಕ ಉಳಿದ ತಂಡಗಳು ಶಾರ್ಮನ್‌ರ ಪದ್ಧತಿಯನ್ನು ಒಂದೊಂದಾಗಿ ಅನುಸರಿಸಿದವು. ಅವರದು ಪಂದ್ಯದ ದಿನದ ಬೆಳಗಿನ ಅಭ್ಯಾಸ. ಶಾಲಾಮಕ್ಕಳಿಗೆ ಅಂದು ಬೆಳಿಗ್ಗೆ ಪ್ರಯಾಣವಿರುವುದರಿಂದ ಅದೇ ಕೆಲಸವನ್ನು ಹಿಂದಿನ ಸಂಜೆ ಮಾಡಬೇಕಾಗುತ್ತದೆ. ಸಮಯ ಬೇರೆಯಾದರೂ ತತ್ತ್ವ ಒಂದೇ. ಬಲ್ಲದ್ದನ್ನು ನೆನಪಿಸಿಕೊಳ್ಳುವುದು, ಬಲವನ್ನು ಉಳಿಸಿಕೊಳ್ಳುವುದು.

ಐವತ್ತು ನಿಮಿಷಗಳ ಕ್ರಮ

ಹಾಗಾದರೆ ಮುನ್ನಾದಿನದ ಅಭ್ಯಾಸ ಹೇಗಿರಬೇಕು? ಐವತ್ತು ನಿಮಿಷಗಳಿಗೆ ಮೀರದಂತೆ ಅದನ್ನು ಹೀಗೆ ವಿಂಗಡಿಸಿಕೊಳ್ಳಬಹುದು.

ಮೊದಲ ಹತ್ತು ನಿಮಿಷ ಮೈ ಬೆಚ್ಚಗಾಗಿಸಲು: ನಡಿಗೆ, ನಿಧಾನದ ಓಟ, ಕೈಕಾಲುಗಳ ಸಡಿಲಿಕೆ, ಕೊನೆಗೆ ಅಂಗಣದ ಅರ್ಧ ಉದ್ದಕ್ಕೆ ಎರಡು ಮೂರು ಚುರುಕಿನ ಓಟ. ಮುಂದಿನ ಹತ್ತು ನಿಮಿಷ ಎದುರಾಳಿಯಿಲ್ಲದೆ ಚೆಂಡು ಸಾಗಿಸುವುದು ಮತ್ತು ಬುಟ್ಟಿಯ ಬಳಿಗೆ ಬಂದು ಹಲಗೆಗೆ ತಾಗಿಸಿ ಹಾಕುವ ಸುಲಭದ ಎಸೆತಗಳು, ಬಲಗೈಯಲ್ಲೂ ಎಡಗೈಯಲ್ಲೂ. ಆಮೇಲಿನ ಹನ್ನೆರಡು ನಿಮಿಷ ಪ್ರತಿಯೊಬ್ಬರೂ ಪಂದ್ಯದಲ್ಲಿ ತಮಗೆ ಸಾಮಾನ್ಯವಾಗಿ ಅವಕಾಶ ಸಿಗುವ ಎರಡು ಮೂರು ಜಾಗಗಳಿಂದ ಮಾತ್ರ ಎಸೆಯಲಿ. ಬುಟ್ಟಿಯ ಹತ್ತಿರದಿಂದ ಆರಂಭಿಸಿ ಹಿಂದೆ ಹಿಂದೆ ಸರಿಯುವುದು ಒಳ್ಳೆಯದು; ಚೆಂಡು ಬಳೆಯೊಳಗೆ ಇಳಿಯುವುದನ್ನು ಕಣ್ಣು ಹೆಚ್ಚು ಸಲ ಕಂಡಷ್ಟೂ ಮನಸ್ಸಿಗೆ ಧೈರ್ಯ.

ಅನಂತರದ ಹತ್ತು ನಿಮಿಷ ನಡಿಗೆಯ ಪಾಠ. ಗಡಿರೇಖೆಯಿಂದ ಚೆಂಡು ಒಳಗೆ ಎಸೆಯುವಾಗ ಯಾರು ಎಲ್ಲಿ ನಿಲ್ಲಬೇಕು, ಎದುರಾಳಿಯ ಎತ್ತರದ ಆಟಗಾರನನ್ನು ಯಾರು ಕಾಯಬೇಕು, ಕೊನೆಯ ನಿಮಿಷದಲ್ಲಿ ಒಂದು ಅಂಕದಿಂದ ಮುಂದಿದ್ದರೆ ಏನು, ಹಿಂದಿದ್ದರೆ ಏನು ಎಂಬುದನ್ನು ನಡೆದು ತೋರಿಸಿದರೆ ಸಾಕು, ಓಡಬೇಕಿಲ್ಲ. ತಂಡಕ್ಕೆ ಈಗಾಗಲೇ ಗೊತ್ತಿರುವ ಎರಡು ತಂತ್ರಗಳನ್ನು ನೆನಪಿಸಿದರೆ ಧಾರಾಳವಾಯಿತು. ಹೊಸದನ್ನು ಅಂದು ಕಲಿಸಬಾರದು. ಅರ್ಧ ಕಲಿತದ್ದು ಪಂದ್ಯದಲ್ಲಿ ಕಾಲಿಗೆ ತೊಡರುವ ಬಳ್ಳಿಯಂತೆ; ಚೆಂಡು ಕೈಗೆ ಬಂದ ಕ್ಷಣ ಮಗು ಆಡುವುದನ್ನು ಬಿಟ್ಟು ಆಲೋಚಿಸತೊಡಗುತ್ತದೆ.

ಕೊನೆಯ ಎಂಟು ನಿಮಿಷ ಉಚಿತ ಎಸೆತಕ್ಕೆ. ಇಡೀ ಆಟದಲ್ಲಿ ಆಟಗಾರ ಒಬ್ಬಂಟಿಯಾಗಿ ನಿಲ್ಲುವ ಗಳಿಗೆ ಇದೊಂದೇ. ಯಾರೂ ಅಡ್ಡ ಬರುವುದಿಲ್ಲ. ಹಲಗೆಯಿಂದ ಗೆರೆಗೆ ಇರುವ 4.6 ಮೀಟರ್ ಅಂತರ ಎಲ್ಲಿ ಹೋದರೂ ಅಷ್ಟೇ. ನಿಯಮ ಕೊಡುವ ಸಮಯ ಐದು ಸೆಕೆಂಡು. ಒಂದೇ ಉಸಿರಿಗೆ ಇಪ್ಪತ್ತು ಎಸೆಯುವ ಬದಲು, ಪಂದ್ಯದಲ್ಲಿರುವಂತೆ ಎರಡೆರಡೇ ಎಸೆದು, ಸಾಲಿನ ಹಿಂದಕ್ಕೆ ಹೋಗಿ ಮತ್ತೆ ಬರಲಿ. ಪ್ರತಿಯೊಬ್ಬರೂ ಒಂದು ಸಫಲ ಎಸೆತದೊಂದಿಗೆ ಅಂಗಣ ಬಿಡಲಿ. ಆ ಬಳಿಕ ಶಿಕ್ಷಕರು ಪ್ರತಿಯೊಬ್ಬರಿಗೂ ಅವರ ನಾಳಿನ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಲಿ. ಬದಲಿ ಆಟಗಾರರಾಗಿ ಕೂರುವವರಿಗೂ ಒಂದು ವಾಕ್ಯ ಇರಬೇಕು. ತನಗೂ ಒಂದು ಪಾಲು ಇದೆ ಎಂದು ತಿಳಿದ ಮಗು ಬೆಂಚಿನ ಮೇಲೂ ಆಟದೊಳಗೇ ಇರುತ್ತದೆ.

ಅಂದು ವರ್ಜಿಸಬೇಕಾದವನ್ನೂ ಹೇಳಿಬಿಡೋಣ. ಮೈಗೆ ಮೈ ತಾಗುವ ಪೂರ್ಣ ಪ್ರಮಾಣದ ಆಟ ಬೇಡ. ಪಂದ್ಯಕ್ಕೆ ಮುನ್ನ ಉಳುಕಿದ ಪಾದಕ್ಕಿಂತ ವ್ಯರ್ಥವಾದ ನಷ್ಟ ಮತ್ತೊಂದಿಲ್ಲ. ತಂಡದಲ್ಲಿ ಸ್ಥಾನಕ್ಕಾಗಿ ಪೈಪೋಟಿ ಬೇಡ. ಆಯ್ಕೆ ಅದಕ್ಕೆ ಮುಂಚೆಯೇ ಮುಗಿದಿರಬೇಕು. ಶಿಕ್ಷೆಯ ಓಟ ಖಂಡಿತ ಬೇಡ. ಬಿಸಿಲು ಇಳಿದ ಮೇಲಷ್ಟೇ ಅಭ್ಯಾಸ ನಡೆಯಲಿ, ಕುಡಿಯುವ ನೀರು ಕೈಗೆಟುಕುವಲ್ಲಿರಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಸಿಮೆಂಟಿನ ಅಂಗಣ ಸಂಜೆಯಾದರೂ ಕಾವು ಬಿಡುವುದಿಲ್ಲ. ರಾತ್ರಿಯ ಊಟ ದಿನನಿತ್ಯದ್ದೇ ಆಗಿರಲಿ: ರೊಟ್ಟಿ, ಬೇಳೆ, ಅನ್ನ, ಮಜ್ಜಿಗೆ. ಬಸ್ ನಿಲ್ದಾಣದ ಮಂಡಕ್ಕಿ ಮಿರ್ಚಿ ಗೆದ್ದ ಮೇಲೆ ತಿಂದರೂ ರುಚಿಯಾಗಿಯೇ ಇರುತ್ತದೆ.

ನಿದ್ದೆಯ ವಿಷಯದಲ್ಲಿ ಒಂದು ಮಾತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹನ್ನೊಂದು ಮಂದಿ ಬ್ಯಾಸ್ಕೆಟ್‌ಬಾಲ್ ಆಟಗಾರರು ಐದರಿಂದ ಏಳು ವಾರಗಳ ಕಾಲ ಪ್ರತಿರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರಲು ಯತ್ನಿಸಿದಾಗ, ಅವರ ಉಚಿತ ಎಸೆತದ ನಿಖರತೆ ನೂರಕ್ಕೆ 9ರಷ್ಟು ಹೆಚ್ಚಿತೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಅದು ಚಿಕ್ಕ ಗುಂಪಿನ ಅಧ್ಯಯನ, ನಿಜ. ಆದರೆ ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆಂಬುದು ವೈದ್ಯರ ಸಾಮಾನ್ಯ ಸಲಹೆ. ಕತ್ತಲಾಗುವವರೆಗೆ ಆಡಿಸಿ, ತಡವಾಗಿ ಮನೆ ಸೇರಿಸಿ, ಮರುದಿನ ಕೋಳಿ ಕೂಗುವ ಮುನ್ನ ಬಸ್ಸಿಗೆ ಎಬ್ಬಿಸಿದರೆ ಆ ಗಂಟೆಗಳು ಎಲ್ಲಿಂದ ಬರಬೇಕು?

ಯಾರಿಗೆ ಎಷ್ಟು ಹಗುರ?

ಇಲ್ಲಿ ಓದುಗರು ಒಂದು ಆಕ್ಷೇಪ ಎತ್ತಬಹುದು. ಈ ಮಾತುಗಳೆಲ್ಲ ವರ್ಷವಿಡೀ ಅಭ್ಯಾಸ ಮಾಡುವ, ಸುಸಜ್ಜಿತ ಅಂಗಣವಿರುವ ನಗರದ ತಂಡಗಳಿಗೆ ಸರಿ. ಮಣ್ಣಿನ ಬಯಲಿನಲ್ಲಿ ಆಡಿ ಕಲಿಯುವ ಹಳ್ಳಿಯ ಮಕ್ಕಳಿಗೆ ಸಿಕ್ಕ ಒಂದು ಸಂಜೆಯನ್ನೂ ಹಗುರವಾಗಿ ಕಳೆಯಿರಿ ಎನ್ನುವುದು ಎಷ್ಟು ಸರಿ? ಆಕ್ಷೇಪ ಯೋಗ್ಯವಾದದ್ದೇ. ಆದರೆ ಅದು ಹಗುರ ಅಭ್ಯಾಸದ ಅಗತ್ಯವನ್ನು ತಗ್ಗಿಸುವುದಿಲ್ಲ, ಹೆಚ್ಚಿಸುತ್ತದೆ. ಮಣ್ಣಿನ ನೆಲದಲ್ಲಿ ಪುಟಿದ ಚೆಂಡು ಸಿಮೆಂಟಿನ ಮೇಲೆ ಬೇರೆಯೇ ರೀತಿ ಪುಟಿಯುತ್ತದೆ. ಹಲಗೆಯ ಗಡಸುತನ, ಬಳೆಯ ಬಿಗುವು, ಗೆರೆಗಳ ಅಂತರ, ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುವ ದಿಕ್ಕು ಇವೆಲ್ಲ ಹೊಸಬರಿಗೆ ಅಪರಿಚಿತ. ಪಂದ್ಯ ನಡೆಯುವ ಅಂಗಣದಲ್ಲಿ ಅರ್ಧ ಗಂಟೆ ನಿಧಾನವಾಗಿ ಚೆಂಡಾಡುತ್ತಾ ಅದರ ಪರಿಚಯ ಮಾಡಿಕೊಂಡರೆ, ಎರಡು ಗಂಟೆ ಬೆವರು ಸುರಿಸಿದ್ದಕ್ಕಿಂತ ಹೆಚ್ಚಿನ ಪ್ರಯೋಜನ. ದೇವದುರ್ಗ, ಮಾನ್ವಿ ಎರಡೂ ರಾಯಚೂರಿನಿಂದ ಸುಮಾರು 50 ಕಿಲೋಮೀಟರ್ ಆಸುಪಾಸಿನಲ್ಲಿವೆ. ಅಲ್ಲಿಂದ ಬರುವ ತಂಡಗಳಿಗೆ ಹಿಂದಿನ ಸಂಜೆಯೇ ಬಂದು ಅಂಗಣ ನೋಡುವ ಅನುಕೂಲವನ್ನು ಆತಿಥ್ಯ ವಹಿಸಿದ ಶಾಲೆಗಳು ಮಾಡಿಕೊಟ್ಟರೆ ಅದು ಪದಕಕ್ಕಿಂತ ದೊಡ್ಡ ಕ್ರೀಡಾಧರ್ಮ.

ಇನ್ನೂ ಗಂಭೀರವಾದ ವಿಚಾರವೊಂದಿದೆ. ತತ್ತ್ವಜ್ಞಾನಿ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಮಧ್ಯಮಮಾರ್ಗವನ್ನು ವಿವರಿಸುವಾಗ ವ್ಯಾಯಾಮ ಗುರುವಿನ ಉದಾಹರಣೆಯನ್ನೇ ಆರಿಸಿಕೊಂಡಿದ್ದಾನೆ. ಹತ್ತು ಪಾಲು ಆಹಾರ ಅತಿಯಾಯಿತು, ಎರಡು ಕಡಿಮೆಯಾಯಿತು ಎಂದಮಾತ್ರಕ್ಕೆ ಬಲ್ಲ ಗುರು ಎಲ್ಲರಿಗೂ ಆರು ಪಾಲು ಎಂದು ಹೇಳಿಬಿಡುವುದಿಲ್ಲ. ಅದು ಜಗಜಟ್ಟಿ ಮಿಲೋಗೆ ಸಾಲದು, ಆಗ ತಾನೇ ಗರಡಿಗೆ ಕಾಲಿಟ್ಟವನಿಗೆ ಹೆಚ್ಚು. ನಡುವಣ ದಾರಿಯೆಂದರೆ ಅಂಕಗಣಿತದ ನಡುವಲ್ಲ, ಎದುರಿಗಿರುವ ವ್ಯಕ್ತಿಗೆ ತಕ್ಕ ನಡು ಎಂಬುದು ಅವನ ಅಭಿಪ್ರಾಯ. ನಮ್ಮ ತಂಡಗಳಿಗೆ ಇದನ್ನು ಅನ್ವಯಿಸಿ ನೋಡಿ. ಒಂದೇ ಸಾಲಿನಲ್ಲಿ ನಿಂತ ಹತ್ತು ಮಕ್ಕಳಲ್ಲಿ ಒಬ್ಬಳು ಬೆಳಿಗ್ಗೆ ನೀರು ಹೊತ್ತು, ತಮ್ಮನನ್ನು ಎತ್ತಿ ಆಡಿಸಿ, ಮೂರು ಕಿಲೋಮೀಟರ್ ನಡೆದು ಶಾಲೆಗೆ ಬಂದವಳಿರಬಹುದು. ಒಬ್ಬ ರಜೆಯ ದಿನ ಹೊಲದಲ್ಲಿ ದುಡಿದವನಿರಬಹುದು. ಮತ್ತೊಬ್ಬ ಮನೆಯ ಬೈಕಿನಲ್ಲಿ ಬಂದಿಳಿದವನು. ಶಿಳ್ಳೆ ಎಲ್ಲರಿಗೂ ಒಂದೇ. ದಣಿವು ಒಂದೇ ಅಲ್ಲ.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. 2021ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ನೀಡಲು ಆರಂಭಿಸಿದಾಗ ಅದಕ್ಕೆ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಮಕ್ಕಳ ಅಪೌಷ್ಟಿಕತೆಯೇ ಅದಕ್ಕೆ ಕಾರಣವಾಗಿತ್ತು. ರಕ್ತದಲ್ಲಿ ಕಬ್ಬಿಣಾಂಶ ಸಾಲದ ಹುಡುಗಿ ಬೇಗ ಏದುಸಿರು ಬಿಡುತ್ತಾಳೆ, ತಲೆ ಸುತ್ತಿ ಕೂರುತ್ತಾಳೆ. ಅದನ್ನು ಸೋಮಾರಿತನವೆಂದು ತಿಳಿದು ಇನ್ನೆರಡು ಸುತ್ತು ಓಡಿಸುವುದು ಎಂಥ ಅನ್ಯಾಯ! ಕಾಲು ಉಳುಕಿಸಿಕೊಂಡೋ ತಲೆ ತಿರುಗಿ ಬಿದ್ದೋ ಮನೆಗೆ ಹೋದ ಹುಡುಗಿಯನ್ನು ಮತ್ತೆ ಆಟಕ್ಕೆ ಕಳಿಸದ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅವಳು ಕಳೆದುಕೊಳ್ಳುವುದು ಒಂದು ಪಂದ್ಯವನ್ನಲ್ಲ. ತನ್ನ ಊರಿನಾಚೆಗೆ ಕಾಲಿಡುವ, ತನ್ನ ಹೆಸರನ್ನು ಧ್ವನಿವರ್ಧಕದಲ್ಲಿ ಕೇಳುವ, ತಾನೂ ಒಂದು ತಂಡದವಳು ಎಂದು ಹೆಮ್ಮೆಪಡುವ ಅವಕಾಶವನ್ನೇ ಕಳೆದುಕೊಳ್ಳುತ್ತಾಳೆ. ಮುನ್ನಾದಿನದ ಅಭ್ಯಾಸದಲ್ಲಿ ಪಣಕ್ಕಿರುವುದು ಬರೀ ಗೆಲುವಲ್ಲವೆಂದು ಹೇಳುವುದು ಇದೇ ಕಾರಣಕ್ಕೆ.

ಗುರುವಿನ ಕಾತರ

ಪ್ರಾಚೀನ ಗ್ರೀಕರಿಗೂ ಈ ತೊಡಕು ತಿಳಿದಿತ್ತು. ಅರಿಸ್ಟಾಟಲ್ ತನ್ನ ರಾಜ್ಯಶಾಸ್ತ್ರದಲ್ಲಿ, ಬಾಲ್ಯದಲ್ಲೂ ಪ್ರೌಢತೆಯಲ್ಲೂ ಒಲಿಂಪಿಕ್ ಗೆಲುವು ಕಂಡವರು ಇಬ್ಬರೋ ಮೂವರೋ ಮಾತ್ರ ಸಿಗುತ್ತಾರೆ, ಚಿಕ್ಕಂದಿನ ಅತಿಯಾದ ಕಸರತ್ತು ಅವರ ಕಸುವನ್ನು ಹೀರಿಬಿಡುವುದೇ ಅದಕ್ಕೆ ಕಾರಣ ಎಂದಿದ್ದಾನೆ. ಕ್ರಿಸ್ತಶಕ ಮೂರನೆಯ ಶತಮಾನದ ಫಿಲೊಸ್ಟ್ರಾಟಸ್ ವ್ಯಾಯಾಮ ಕುರಿತು ಬರೆದ ಗ್ರಂಥದಲ್ಲಿ ಗೆರೆನಸ್ ಎಂಬ ಮಲ್ಲನ ದುರಂತವನ್ನು ಹೇಳುತ್ತಾನೆ. ಒಲಿಂಪಿಕ್ಸ್‌ನಲ್ಲಿ ಗೆದ್ದು ಗೆಳೆಯರೊಡನೆ ಔತಣ ಮಾಡಿ, ನಿದ್ದೆಗೆಟ್ಟು ಗರಡಿಗೆ ಬಂದ ಅವನು ತನಗೆ ಮೈ ಸರಿಯಿಲ್ಲವೆಂದು ಗುರುವಿನಲ್ಲಿ ಹೇಳಿಕೊಂಡ. ನಾಲ್ಕು ದಿನಗಳ ನಿಗದಿತ ವೇಳಾಪಟ್ಟಿಯನ್ನು ಅಕ್ಷರಶಃ ಪಾಲಿಸುತ್ತಿದ್ದ ಆ ಗುರು ಸಿಟ್ಟಾಗಿ, ಕಸರತ್ತನ್ನು ಕಡಿಮೆ ಮಾಡಲು ಒಪ್ಪಲಿಲ್ಲ. ಆ ಮಲ್ಲ ಕಸರತ್ತಿನ ನಡುವೆಯೇ ಪ್ರಾಣಬಿಟ್ಟ. ಗುರು ದುಷ್ಟನಾಗಿರಲಿಲ್ಲ, ಎದುರಿಗಿದ್ದ ಮನುಷ್ಯನನ್ನು ನೋಡದೆ ಪಟ್ಟಿಯನ್ನು ಮಾತ್ರ ನೋಡಿದ, ಅಷ್ಟೇ.

ಸ್ವಲ್ಪ ಆಳಕ್ಕಿಳಿದು ನೋಡಿದರೆ, ಮುನ್ನಾದಿನದ ಭಾರೀ ಅಭ್ಯಾಸ ಅನೇಕ ವೇಳೆ ಆಟಗಾರರಿಗಾಗಿ ನಡೆಯುವುದಿಲ್ಲ, ಆಡಿಸುವವರ ಕಾತರವನ್ನು ತಣಿಸಲು ನಡೆಯುತ್ತದೆ. ಸೋತರೆ ಯಾರಾದರೂ ಏನೆಂದಾರು ಎಂಬ ಅಳುಕು, ಕೊನೆಯ ತನಕ ದುಡಿಸಿದೆವು ಎಂದು ಹೇಳಿಕೊಳ್ಳಬೇಕೆಂಬ ಆಸೆ. ಪರೀಕ್ಷೆಯ ಹಿಂದಿನ ರಾತ್ರಿ ಮಗುವಿನ ಮುಂದೆ ಪುಸ್ತಕ ಗುಡ್ಡೆಹಾಕುವ ತಂದೆತಾಯಿಗಳ ಮನಸ್ಸೂ ಇದೇ. ಹಿಡಿತ ಸಡಿಲಿಸುವುದಕ್ಕೆ ಬಿಗಿಗೊಳಿಸುವುದಕ್ಕಿಂತ ಹೆಚ್ಚು ಧೈರ್ಯ ಬೇಕು. ಹಗುರ ಅಭ್ಯಾಸವೆಂದರೆ, ಕಲಿಸಿದ್ದರ ಮೇಲೂ ಕಲಿತವರ ಮೇಲೂ ಗುರು ಇಡುವ ವಿಶ್ವಾಸದ ಪ್ರಕಟಣೆ. ಆ ವಿಶ್ವಾಸ ಮಕ್ಕಳಿಗೆ ಮಾತಿಲ್ಲದೆ ತಲುಪುತ್ತದೆ.

ಶ್ರೀಸಭೆಯ ಪರಂಪರೆಯಲ್ಲಿ ಒಂದು ಹಳೆಯ ಕಥೆಯಿದೆ. ಮನುಷ್ಯನಿಗೆ ಆಟ, ವಿನೋದಗಳು ಏಕೆ ಬೇಕೆಂದು ವಿವರಿಸುವಾಗ ಸಂತ ಥಾಮಸ್ ಅಕ್ವಿನಾಸರು ಇದನ್ನು ನೆನೆಯುತ್ತಾರೆ. ಪ್ರೇಷಿತ ಸಂತ ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಅವರಲ್ಲಿ ಬಿಲ್ಲು ಹಿಡಿದಿದ್ದ ಒಬ್ಬನನ್ನು ಕರೆದು ಬಾಣ ಬಿಡಲು ಹೇಳಿದರು. ಅವನು ಕೆಲವು ಬಾಣಗಳನ್ನು ಬಿಟ್ಟ ಮೇಲೆ, ಹೀಗೆಯೇ ನಿಲ್ಲಿಸದೆ ಬಿಡುತ್ತಿರಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿಯುತ್ತದೆ ಎಂದ ಅವನು. ಮನುಷ್ಯನ ಮನಸ್ಸೂ ಹಾಗೆಯೇ ಎಂದು ಯೊವಾನ್ನರು ಅವನ ಮಾತಿನಿಂದಲೇ ಉತ್ತರ ಕೊಟ್ಟರು. ಬಿಲ್ಲುಗಾರ ಬಳಕೆಯಿಲ್ಲದಾಗ ಹೆದೆ ಇಳಿಸಿಡುವುದು ಬಿಲ್ಲಿನ ಮೇಲಿನ ಉದಾಸೀನದಿಂದಲ್ಲ. ನಾಳೆ ಅದನ್ನು ಪೂರ್ತಿ ಎಳೆಯಬೇಕಾಗಿದೆ ಎಂಬ ಅರಿವಿನಿಂದ.

ಈ ವರ್ಷ ಕ್ರೀಡಾಕೂಟಗಳಿಗೆ ತಂಡ ಸಜ್ಜುಗೊಳಿಸುತ್ತಿರುವ ವ್ಯಾಯಾಮ ಶಿಕ್ಷಕರಲ್ಲಿ ಒಂದು ವಿನಂತಿ. ವಾರದ ಮೊದಲ ದಿನಗಳಲ್ಲಿ ಬೇಕಾದಷ್ಟು ದುಡಿಸಿರಿ, ಬೆವರಿಳಿಸಿರಿ, ತಪ್ಪುಗಳನ್ನು ತಿದ್ದಿರಿ. ಮುನ್ನಾದಿನ ಮಾತ್ರ ಐವತ್ತು ನಿಮಿಷಗಳಿಗೆ ಗಡಿಯಾರ ನೋಡಿ ನಿಲ್ಲಿಸಿರಿ. ಸಾಲಿನ ಕೊನೆಯಲ್ಲಿ ಸೊರಗಿ ನಿಂತ ಮಗುವಿನ ಬಳಿಗೆ ಹೋಗಿ, ಇಂದು ಊಟವಾಯಿತೇ ಎಂದು ವಿಚಾರಿಸಿರಿ. ಪೋಷಕರು ಆ ರಾತ್ರಿ ಮಕ್ಕಳನ್ನು ಮನೆಗೆಲಸದಿಂದ ಬಿಡುವು ಮಾಡಿ ಬೇಗ ಮಲಗಿಸಲಿ. ಮರುದಿನ ಗೆದ್ದರೆ ಸಂತೋಷ. ಸೋತರೂ, ತಮ್ಮಲ್ಲಿದ್ದ ಶಕ್ತಿಯನ್ನೆಲ್ಲ ಅಂಗಣಕ್ಕೆ ತಂದು ಆಡಿದೆವು ಎಂಬ ತೃಪ್ತಿಯಾದರೂ ಮಕ್ಕಳಿಗೆ ಉಳಿಯುತ್ತದೆ, ಬರುವ ವರ್ಷ ಮತ್ತೆ ಆಡುವ ಆಸೆಯೂ ಉಳಿಯುತ್ತದೆ.